ಬಫೆ ಊಟ, ನೂರು ಕೈ ಹಿಡಿದ ಸೌಟು: ಚಿಕ್ಕಮಗಳೂರು ಕಡೆ ಪ್ರವಾಸಕ್ಕೆ ಏನೇನು ನೋಡಿಕೊಳ್ಳಬೇಕು?

ಹಾಸನ ಪ್ರವಾಸ ಬಳಗ

ಎಲ್ಲರಿಗೂ ನಮಸ್ಕಾರ. ಬೇಲೂರು, ಚಿಕ್ಕಮಗಳೂರು, ಮುಳ್ಳಯ್ಯನಗಿರಿ ನೋಡಿಕೊಂಡು ಮೂಡಿಗೆರೆ ಮೇಲೆ ಹಾಸನಕ್ಕೆ ವಾಪಸ್, ಒಟ್ಟು ಮೂರು ದಿನ. 38 ಜನ ಇದ್ದೀವಿ. ಹನ್ನೊಂದು ಮಂದಿ 65 ದಾಟಿದವರು, ಐದು ವರ್ಷದೊಳಗಿನ ಮಕ್ಕಳು ಇಬ್ಬರು, ಒಬ್ಬರು ಆರು ತಿಂಗಳ ಬಸುರಿ. ಉಳಿಯುವ ಎರಡೂ ಕಡೆ ತಿಂಡಿ, ರಾತ್ರಿ ಊಟ ಬಫೆ. ಗುಂಪಿನವರು ಕೇಳ್ತಿರೋದು ಇಷ್ಟು: ಎಲ್ಲರೂ ಹಿಡಿಯೋ ಸೌಟಿನಿಂದ ಸೋಂಕು ಬರತ್ತಾ? ಪಾತ್ರೆಯಲ್ಲಿರೋದು ಎಷ್ಟು ಹೊತ್ತಿಂದ ಇದೆ ಅಂತ ತಿಳಿಯೋದು ಹೇಗೆ? ಯಾವುದನ್ನು ಬಿಡಬೇಕು? ಕೈಗವಸು ಒಯ್ಯಬೇಕಾ? ಹೊರಡುವ ಮೊದಲು ಎಲ್ಲರ ಕೈಗೂ ಒಂದು ಹಾಳೆ ಕೊಡೋಣ ಅಂತ ಇದ್ದೀವಿ. ಅಡುಗೆ, ಆಸ್ಪತ್ರೆ, ಲ್ಯಾಬ್ ಕೆಲಸ ಬಲ್ಲವರು ಅಳತೆ ಸಮೇತ ಹೇಳಿದರೆ ಉಪಕಾರ.

ಲ್ಯಾಬ್ ಬೆಂಚು

ಇದರಲ್ಲಿ ಎರಡು ಬೇರೆ ಬೇರೆ ಅಪಾಯ ಕಲೆತುಹೋಗಿವೆ. ಮೊದಲು ಬಿಡಿಸಿಕೊಳ್ಳೋಣ.

ಒಂದು, ಕೈಯಿಂದ ಹಿಡಿಗೆ, ಹಿಡಿಯಿಂದ ಕೈಗೆ ದಾಟುವಂಥದ್ದು. ಇದರಲ್ಲಿ ಮುಖ್ಯ ಕಳ್ಳ ನೊರೊವೈರಸ್. ಬಹಳ ಕಡಿಮೆ ಕಣಗಳು ಹೊಟ್ಟೆಗೆ ಹೋದರೂ ಸಾಕು, 12ರಿಂದ 48 ಗಂಟೆಯೊಳಗೆ ವಾಂತಿ-ಭೇದಿ ಶುರು. ಸ್ಯಾನಿಟೈಸರ್‌ಗೆ ಇದು ಸರಿಯಾಗಿ ಬಗ್ಗುವುದಿಲ್ಲ. ಸೋಪು ಹಾಕಿ 20 ಸೆಕೆಂಡ್ ಉಜ್ಜಿ, ಹರಿಯುವ ನೀರಲ್ಲಿ ತೊಳೆದರೆ ಮಾತ್ರ ಕೈಬಿಡುತ್ತದೆ.

ಎರಡು, ಪಾತ್ರೆಯೊಳಗೇ ಬೆಳೆಯುವ ಬ್ಯಾಕ್ಟೀರಿಯಾ. ಇಲ್ಲಿ ಯಾರೂ ಏನನ್ನೂ ಮುಟ್ಟಬೇಕಿಲ್ಲ, ಹೊತ್ತು ಮತ್ತು ಬಿಸಿ ಎರಡೇ ಸಾಕು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬೆಳೆಯುತ್ತವೆ, ಉಗುರುಬೆಚ್ಚಗಿನಿಂದ ಮೇಲಕ್ಕೆ 45ರವರೆಗೆ ಅವಕ್ಕೆ ಹಬ್ಬ. ದೊಡ್ಡ ಕೊಳಗದ ಮಾಂಸದ ಸಾರಲ್ಲಿ, ಗಟ್ಟಿ ಬೇಳೆಯಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಆ ಬಿಸಿಯಲ್ಲಿ ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಲೆಕ್ಕ ಹಾಕಿ: ಎರಡು ಗಂಟೆಯಲ್ಲಿ ಹನ್ನೆರಡು ಸಲ ಇಮ್ಮಡಿ, ಒಂದು ಇದ್ದದ್ದು ನಾಲ್ಕು ಸಾವಿರ ದಾಟಿತು.

ಪ್ರವಾಸಿಗರು ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ಮರೆಯುತ್ತಾರೆ. ಹಾಳೆಯಲ್ಲಿ ಎರಡಕ್ಕೂ ಜಾಗ ಇರಲಿ, ಹೆಚ್ಚು ಜಾಗ ಎರಡನೆಯದಕ್ಕೇ ಕೊಡಿ.

ಕೊಳಗ ಮತ್ತು ಸೌಟು

ಲ್ಯಾಬಿನವರು ಹೇಳಿದ್ದು ಸರಿ. ಅಡುಗೆಮನೆ ಕಡೆಯಿಂದ ಒಂದು ಮಾತು: ಬಫೆ ಮೇಜಿನ ಮೇಲಿರೋ ಮುಚ್ಚಳದ ಪಾತ್ರೆ, ಅದೇ ಚೇಫಿಂಗ್ ಡಿಶ್, ಬಿಸಿ ಹಿಡಿಯೋಕೆ ಇರೋದೇ ಹೊರತು ಬಿಸಿ ಮಾಡೋಕಲ್ಲ. ಉಗುರುಬೆಚ್ಚಗಿನ ಪಲ್ಯ ತಂದು ಸುರಿದು ಕೆಳಗೆ ಜೆಲ್ ಡಬ್ಬಿ, ಅಂದ್ರೆ ದೀಪದ ಥರ ಉರಿಯೋ ಜೆಲ್ ಇಂಧನದ ಡಬ್ಬಿ, ಹಚ್ಚಿದರೆ ಆ ಪಲ್ಯ ಒಂದು ಗಂಟೆ ಆದ್ರೂ 60 ಮುಟ್ಟಲ್ಲ. ಅಷ್ಟು ಹೊತ್ತೂ ಅದು ಬೆಳೆಯೋ ಬಿಸಿಯಲ್ಲೇ ಕೂತಿರತ್ತೆ.

ಸರಿಯಾದ ಕ್ರಮ ಹೀಗೆ. ಕೆಳಗಿನ ತಟ್ಟೆಗೆ ಕುದಿಯೋ ನೀರು ಎರಡರಿಂದ ಮೂರು ಸೆಂಟಿಮೀಟರ್ ಹಾಕಬೇಕು. ತಣ್ಣೀರು ಹಾಕಿದರೆ ಮೊದಲ ಡಬ್ಬಿಯ ಅರ್ಧ ಇಂಧನ ಆ ನೀರು ಕಾಯೋದಕ್ಕೇ ಹೋಯ್ತು. ಎರಡು ಡಬ್ಬಿ ಹಚ್ಚಿ, ಮುಚ್ಚಳ ಹಾಕಿ ಹತ್ತು ನಿಮಿಷ ಬಿಟ್ಟು, ಆಮೇಲೆ ಒಲೆಯಿಂದ ಇಳಿಸಿದ ಸುಡು ಸುಡು ಪದಾರ್ಥ ಸುರೀಬೇಕು. 200 ಗ್ರಾಂ ಜೆಲ್ ಡಬ್ಬಿ ಸುಮಾರು ಎರಡು ಗಂಟೆ ಉರಿಯತ್ತೆ. ಊಟ ಎಂಟಕ್ಕೆ ಶುರುವಾಗಿ ಹನ್ನೊಂದರವರೆಗೆ ನಡೆದರೆ ನಡುವೆ ಡಬ್ಬಿ ಬದಲಾಗಲೇಬೇಕು, ನೀರೂ ನೋಡಬೇಕು. ನೀರು ಆರಿದರೆ ತಳ ಸೀಯತ್ತೆ, ಮೇಲ್ಭಾಗ ತಣ್ಣಗೇ ಇರತ್ತೆ.

ಪಾತ್ರೆ ಆಳವೂ ಮುಖ್ಯ. 530ಕ್ಕೆ 325 ಮಿಲಿಮೀಟರ್ ಅಳತೆಯ ಪೂರ್ಣ ತಟ್ಟೆ 65 ಮಿಮೀ ಆಳದ್ದೂ ಸಿಗತ್ತೆ, 100 ಮಿಮೀ ಆಳದ್ದೂ ಸಿಗತ್ತೆ. ಅನ್ನ, ಪಲಾವ್, ಗಟ್ಟಿ ಪಲ್ಯಕ್ಕೆ 65 ಸಾಕು. ಆಳ ಜಾಸ್ತಿ ಆದಷ್ಟೂ ಕೆಳಗಿನ ಬಿಸಿ ಮೇಲಕ್ಕೆ ಬರಲ್ಲ. ನೋಡಿದವರಿಗೆ ತುಂಬಿದ ಪಾತ್ರೆ ಚೆಂದ, ಆದರೆ ಸ್ವಲ್ಪ ಸ್ವಲ್ಪ ತಂದು ಪಾತ್ರೆಯನ್ನೇ ಬದಲಿಸೋ ಕಡೆ ಊಟ ಒಳ್ಳೇದಿರತ್ತೆ.

ಇನ್ನೊಂದು ದೊಡ್ಡ ತಪ್ಪು, ಹಳೇದರ ಮೇಲೆ ಹೊಸದು ಸುರಿಯೋದು. ತಳದಲ್ಲಿ ಉಳಿದ ಎರಡು ಸೌಟು ಸಾಂಬಾರಿಗೆ ಮೂರು ಗಂಟೆ ವಯಸ್ಸಾಗಿದ್ದರೆ ಇಡೀ ಪಾತ್ರೆಗೂ ಅಷ್ಟೇ ವಯಸ್ಸು. ಖಾಲಿ ಪಾತ್ರೆ ಒಳಗೆ ಹೋಗಿ ಬೇರೆ ಪಾತ್ರೆ ಬರಬೇಕು. ಹಾಸನಾಂಬೆ ದರ್ಶನದ ದಿನಗಳಲ್ಲಿ, ಸಾಲು ರಜೆಯಲ್ಲಿ ಗದ್ದಲ ಜಾಸ್ತಿ ಇದ್ದಾಗ ಮೊದಲು ಕೈಬಿಟ್ಟು ಹೋಗೋ ಕ್ರಮ ಇದೇ.

ಹಾಸನ ಪ್ರವಾಸ ಬಳಗ

ಅಣ್ಣ, ಇದನ್ನೆಲ್ಲ ಅತಿಥಿ ಆದವರು ನೋಡೋದು ಹೇಗೆ? ಅಡುಗೆಮನೆಗೆ ಹೋಗಕ್ಕಾಗಲ್ಲ, ಥರ್ಮಾಮೀಟರ್ ಹಿಡಿದು ನಿಲ್ಲಕ್ಕೂ ಆಗಲ್ಲ.

ಕೊಳಗ ಮತ್ತು ಸೌಟು

ನೋಡಬಹುದು ಅಕ್ಕ. ಮುಚ್ಚಳ ಎತ್ತಿದ ಕೂಡಲೇ ಒಳಮೈಯಿಂದ ನೀರಿನ ಹನಿ ಜಾರಿ ಬೀಳಬೇಕು, ಹಬೆ ಮುಖಕ್ಕೆ ಬರಬೇಕು. ಮುಚ್ಚಳ ಒಣಗಿದ್ದರೆ ಕೆಳಗಿನ ದೀಪ ಆರಿದೆ ಅಂತ ಅರ್ಥ. ಪಾತ್ರೆಯ ಅಂಚಲ್ಲಿ ಒಣಗಿದ ಗೆರೆ ಉಂಗುರದ ಥರ ಕಟ್ಟಿದ್ದರೆ, ಅದರ ಕೆಳಗೆ ಇನ್ನೊಂದು ಗೆರೆ ಇದ್ದರೆ, ಮೇಲೆ ಮೇಲೆ ಸುರಿದಿದ್ದಾರೆ. ಸಾರಿನ ಮೇಲೆ ಕೆನೆಯಂಥ ಪದರ, ಅನ್ನದ ಮೇಲೆ ಒಣಗಿದ ಅಗುಳು, ಅದೂ ಅದೇ ಕಥೆ.

ಬಾಯಿಯ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಸಾರು, ಸಾಂಬಾರು, ಪಾಯಸವನ್ನು ಊದದೆ ಸೀದಾ ಬಾಯಿಗೆ ಹಾಕಿಕೊಳ್ಳೋಕೆ ಆಗತ್ತೆ ಅಂದ್ರೆ ಅದು 60ರ ಕೆಳಗೆ ಇಳಿದು ಆಯ್ತು. ಊದಿ ಉಣ್ಣೋ ಹಾಗಿರಬೇಕು.

ತೋಟದ ಮನೆ

ಹೋಮ್‌ಸ್ಟೇ ಕಡೆಯಿಂದ ಸೇರಿಸುವುದು ಇದೆ. ಮಲೆನಾಡಲ್ಲಿ ಊಟದ ಮೇಜು ಬಹುತೇಕ ಜಗಲಿಯಲ್ಲೋ ತೆರೆದ ಚಪ್ಪರದಲ್ಲೋ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ-ಮಳೆ, ಡಿಸೆಂಬರ್-ಜನವರಿಯಲ್ಲಿ ಚಳಿ. ಗಾಳಿಗೆ ಜೆಲ್ ದೀಪದ ಜ್ವಾಲೆ ಒಂದು ಪಕ್ಕಕ್ಕೆ ವಾಲುತ್ತದೆ, ಬಿಸಿ ಪಾತ್ರೆಗೆ ತಗುಲುವುದೇ ಇಲ್ಲ. ಮೇಜಿನ ಗಾಳಿ ಬರುವ ಕಡೆಗೆ ತಗಡೋ ಹಲಗೆಯೋ ಅಡ್ಡ ಇಡಬೇಕು, ಇಲ್ಲವಾದರೆ ಒಳಕೋಣೆಗೆ ಎತ್ತಿಡಬೇಕು. ಹಗಲಲ್ಲಿ ಈ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ. ಆರಿದೆ ಎಂದುಕೊಂಡು ಅದೇ ಡಬ್ಬಿಗೆ ಇಂಧನ ಸುರಿಯಲು ಹೋದರೆ ಮುಖ ಸುಡುತ್ತದೆ, ಮಕ್ಕಳನ್ನು ಆ ಕಡೆ ಬಿಡಬೇಡಿ.

ಥರ್ಮಾಮೀಟರ್ ವಿಷಯ. ಗುಂಪಿನಲ್ಲಿ ಒಬ್ಬರ ಬಳಿ ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಒಳ್ಳೆಯದೇ, ಕೆಲವು ನೂರು ರೂಪಾಯಿಯ ವಸ್ತು. ಆದರೆ ಅದನ್ನು ಕುದಿಯುವ ನೀರಲ್ಲಿ ಪರೀಕ್ಷಿಸಿ "100 ತೋರಿಸುತ್ತಿಲ್ಲ, ಕೆಟ್ಟಿದೆ" ಎಂದು ಎಸೆಯಬೇಡಿ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸುಮಾರು 1,100 ಮೀಟರ್ ಮೇಲಿದೆ. ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. ಹಾಗಾಗಿ ಇಲ್ಲಿ ಕುದಿ ಬರುವುದೇ 96-97 ಡಿಗ್ರಿಗೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನೆತ್ತಿಯಲ್ಲಾದರೆ 93-94ಕ್ಕೆ. ಪುಡಿ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ, ಕಲಕಿ, ಎರಡು ನಿಮಿಷ ಬಿಟ್ಟು ಚುಚ್ಚಿ ನೋಡಿ. 0 ತೋರಿಸಿದರೆ ಸರಿಯಾಗಿದೆ, ಎತ್ತರ ಎಷ್ಟಿದ್ದರೂ ಅದು ಬದಲಾಗುವುದಿಲ್ಲ.

ಲ್ಯಾಬ್ ಬೆಂಚು

ಐಸಿನ ಪರೀಕ್ಷೆಯೇ ಸರಿ. ಒಂದು ತಿದ್ದುಪಡಿ ಸೇರಿಸುವೆ: ಹಣೆಗೆ ಹಿಡಿಯುವಂಥ ಗನ್ ಥರ್ಮಾಮೀಟರ್ ಊಟಕ್ಕೆ ಬೇಡ. ಊಟಕ್ಕೆಂದೇ ಬರುವ ಗನ್ ಕೂಡ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಹೊಳೆಯುವ ಸ್ಟೀಲಿಗೆ ಹಿಡಿದರೆ ತಪ್ಪು ಅಂಕಿ ಕೊಡುತ್ತದೆ. ಚುಚ್ಚುವ ಕಡ್ಡಿಯನ್ನು ಪಾತ್ರೆಯ ನಡುವಿಗೆ, ತಳ ಮುಟ್ಟದಂತೆ ಇಳಿಸಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಮುಂದಿನ ಪಾತ್ರೆಗೆ ಹಾಕುವ ಮೊದಲು ಸ್ಪಿರಿಟ್ ಹತ್ತಿಯಿಂದ ಒರೆಸಬೇಕು, ಇಲ್ಲವಾದರೆ ಕೋಳಿ ಸಾರು ಪಾಯಸಕ್ಕೆ ಹೋಗುತ್ತದೆ.

ದಾದಿ ಅಕ್ಕ

ಈಗ ಸೌಟಿನ ಹಿಡಿಗೆ ಬರ್ತೀನಿ, ಇದನ್ನು ಯಾರೂ ಸರಿಯಾಗಿ ಯೋಚಿಸಲ್ಲ.

ಬಫೆಗೆ ಬಂದವರು ಏನು ಮಾಡ್ತಾರೆ ನೋಡಿ. ಮೊದಲು ಶಿಸ್ತಾಗಿ ಕೈ ತೊಳೀತಾರೆ. ಆಮೇಲೆ ತಟ್ಟೆ ಹಿಡಿದು ಸಾಲಲ್ಲಿ ಹೋಗ್ತಾ ಹತ್ತು ಸೌಟು, ಎರಡು ಇಕ್ಕಳ, ನೀರಿನ ಜಗ್ಗು, ಉಪ್ಪಿನಕಾಯಿ ಡಬ್ಬಿ ಎಲ್ಲ ಮುಟ್ತಾರೆ. ಕೂತು, ಅದೇ ಕೈಯಲ್ಲಿ ಅನ್ನ ಕಲಸಿ ಬಾಯಿಗೆ ಇಡ್ತಾರೆ. ಚಮಚದಲ್ಲಿ ತಿನ್ನೋರಿಗಿಂತ ಕೈಯಲ್ಲಿ ಊಟ ಮಾಡೋ ನಮಗೆ ಇದು ಹೆಚ್ಚು ಮುಖ್ಯ. ಮೊದಲು ಬಡಿಸಿಕೊಳ್ಳಿ, ತಟ್ಟೆ ಮೇಜಿನ ಮೇಲಿಡಿ, ಆಮೇಲೆ ಹೋಗಿ ಸೋಪು ಹಾಕಿ ಕೈ ತೊಳೀರಿ, ಬಂದು ಕೂತು ಉಣ್ಣಿ. ಎರಡನೇ ಸಲ ಬಡಿಸಿಕೊಂಡರೆ ಮತ್ತೆ ತೊಳೀರಿ. ಗುಂಪಲ್ಲಿ ಇಬ್ಬಿಬ್ಬರು ಜೋಡಿಯಾದರೆ ಒಬ್ಬರು ತಟ್ಟೆ ಕಾಯಬಹುದು, ಊಟ ಆರಲ್ಲ, ನೊಣ ಕೂರಲ್ಲ.

ಕೈಗವಸು ಬೇಡ. ಕೈಗವಸು ಹಾಕಿದವರು ಅದರಲ್ಲೇ ಫೋನು ಹಿಡೀತಾರೆ, ಮೂಗು ಮುಟ್ತಾರೆ, ಅದನ್ನೇ ಬಿಚ್ಚುವಾಗ ಕೈಗೆ ಮೆತ್ತಿಕೊಳ್ತಾರೆ.

ತೊಳೆದ ಕೈಯನ್ನು ಬೇಸಿನ್ ಪಕ್ಕ ತೂಗುಹಾಕಿದ ಟವೆಲ್ಲಿಗೆ ಒರೆಸಬೇಡಿ. ಎಲ್ಲರೂ ಒರೆಸಿ ಒದ್ದೆಯಾದ ಆ ಬಟ್ಟೆ ಸೌಟಿನ ಹಿಡಿಗಿಂತ ಕೆಟ್ಟದ್ದು. ಪೇಪರ್ ಇಲ್ಲದಿದ್ದರೆ ಕೊಡವಿ ಹಾಗೇ ಆರಲು ಬಿಡಿ.

ಬೇಲೂರು ಓದುಗ

ಮೇಡಂ, ವಯಸ್ಸಾದವರಿಗೆ ಎರಡೆರಡು ಸಲ ಎದ್ದು ಬೇಸಿನ್‌ಗೆ ಹೋಗಿ ಬರೋದು ಕಷ್ಟ. ಬಲಗೈಯಲ್ಲಿ ತಟ್ಟೆ, ಎಡಗೈಯಲ್ಲಿ ಸೌಟು ಹಿಡಿದರೆ ಉಣ್ಣೋ ಕೈ ಶುದ್ಧ ಇರತ್ತಲ್ಲ?

ದಾದಿ ಅಕ್ಕ

ಲೆಕ್ಕದಲ್ಲಿ ಸರಿ. ಆದರೆ ಎಡಗೈಯಲ್ಲಿ ಬಡಿಸೋದನ್ನ ನಮ್ಮ ಹಿರಿಯರು ಒಪ್ಪಲ್ಲ, ಹಿಂದೆ ನಿಂತವರೂ ಬೇಸರ ಮಾಡ್ಕೋತಾರೆ. ಅದೂ ಅಲ್ಲದೆ 65 ದಾಟಿದವರ ಬಲಗೈಯಲ್ಲಿ ಭಾರದ ತಟ್ಟೆ, ಎಡಗೈಯಲ್ಲಿ ಸುಡೋ ಸಾರಿನ ಸೌಟು, ಇದು ಬೇರೆ ಅಪಾಯ. ಒಣ ಪೇಪರ್ ನ್ಯಾಪ್ಕಿನ್ ಎರಡು ಮಡಿಕೆ ಮಾಡಿ ಹಿಡಿಗೆ ಸುತ್ತಿ ಹಿಡೀಲಿ, ಸಾಲು ಮುಗಿದ ಮೇಲೆ ಕಸದ ಬುಟ್ಟಿಗೆ ಹಾಕಲಿ. ಇಲ್ಲ, ಹಿರಿಯರನ್ನು ಕೂರಿಸಿ ಬೇರೆಯವರು ಬಡಿಸಿಕೊಂಡು ಬಂದು ಕೊಡಲಿ. 38 ಜನರಲ್ಲಿ ಹನ್ನೊಂದು ಜನಕ್ಕೆ ಬಡಿಸೋಕೆ ಕೈ ಸಿಗದೇ ಇರಲ್ಲ.

ತೋಟದ ಮನೆ

ಮೊದಲೇ ಹೇಳಿದರೆ ಹೆಚ್ಚಿನ ಹೋಮ್‌ಸ್ಟೇಗಳಲ್ಲಿ ಪಂಕ್ತಿ ಹಾಕಿ ಬಡಿಸಲೂ ಒಪ್ಪುತ್ತಾರೆ. 38 ಜನಕ್ಕೆ ಮೂವರು ಬಡಿಸುವವರು ಸಾಕು. ಸೌಟು ಮೂರೇ ಕೈಯಲ್ಲಿ ಇರುತ್ತದೆ, ಎಂಜಲು ತಟ್ಟೆ ಮೇಜಿನ ಹತ್ತಿರ ಬರುವುದೇ ಇಲ್ಲ. ಬಫೆಯಲ್ಲಿ ಆಗುವ ದೊಡ್ಡ ತಪ್ಪು ಅದೇ ತಾನೆ: ಅರ್ಧ ಉಂಡ ತಟ್ಟೆಯನ್ನೇ ತಂದು, ಸೌಟಿನ ತುದಿಯನ್ನು ಅದಕ್ಕೆ ತಾಗಿಸಿ, ಮತ್ತೆ ಪಾತ್ರೆಗೆ ಇಳಿಬಿಡುವುದು. ಎರಡನೇ ಸಲಕ್ಕೆ ಹೊಸ ತಟ್ಟೆ ತೆಗೆದುಕೊಳ್ಳಬೇಕು, ಕೊಡುವವರೂ ಬೇಸರಿಸಬಾರದು. ಎಂಜಲು-ಮುಸುರೆ ಎಂದು ಮನೆಯಲ್ಲಿ ಕಲಿತದ್ದನ್ನು ಬಫೆ ಮೇಜಿನ ಮುಂದೆಯೂ ಪಾಲಿಸಿದರೆ ಅರ್ಧ ಕೆಲಸ ಆದಂತೆ.

ಕೊಳಗ ಮತ್ತು ಸೌಟು

ಸೌಟಿನ ಬಗ್ಗೆ ಇನ್ನೊಂದು. ಮೇಜಿನ ಮೇಲೆ ಒಂದು ಮಗ್ಗಿನಲ್ಲಿ ನೀರು ಇಟ್ಟು ಎಲ್ಲಾ ಚಮಚ ಅದರಲ್ಲಿ ಮುಳುಗಿಸಿಡೋ ಪದ್ಧತಿ ಇದೆ. ಅರ್ಧ ಗಂಟೆಯಲ್ಲಿ ಆ ನೀರು ಮಂಜು ಮಂಜಾಗಿ, ಅನ್ನದ ಅಗುಳು ತೇಲ್ತಾ ಇರತ್ತೆ. ಅದು ಕ್ರಿಮಿ ಬೆಳೆಸೋ ತೊಟ್ಟಿ. ಪ್ರತಿ ಪದಾರ್ಥಕ್ಕೂ ಒಂದೊಂದು ಸೌಟು, ಹಿಡಿ ಹೊರಗೆ ಬರೋ ಹಾಗೆ ಆಯಾ ಪಾತ್ರೆಯಲ್ಲೇ ಇರಬೇಕು, ಇಲ್ಲ ಒಣ ತಟ್ಟೆ ಮೇಲೆ. ಹಿಡಿ ಉದ್ದ ಪಾತ್ರೆಯ ಅಗಲಕ್ಕಿಂತ ಜಾಸ್ತಿ ಇದ್ದರೆ ಸೌಟು ಒಳಗೆ ಬೀಳಲ್ಲ. ಬಿದ್ದರೆ ಕೈ ಹಾಕಿ ತೆಗೀಬಾರದು, ಅಡುಗೆಯವರನ್ನು ಕರೀರಿ. ಹಿಡಿ ಪೂರ್ತಿ ಮುಳುಗಿದ್ದರೆ ಆ ಪಾತ್ರೆ ಒಳಗೆ ಹೋಗಬೇಕು. ಅಕ್ಕಿ ರೊಟ್ಟಿ, ಕಡುಬು, ಇಡ್ಲಿಗೆ ಇಕ್ಕಳ ಇರಲೇಬೇಕು.

ಹಾಸನ ಪ್ರವಾಸ ಬಳಗ

ತುಂಬಾ ಉಪಯೋಗ ಆಯ್ತು. ಇನ್ನು ಪದಾರ್ಥ ಪದಾರ್ಥವಾಗಿ ಹೇಳ್ತೀರಾ? ತಿಂಡಿಗೆ ಇಡ್ಲಿ, ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಚಿತ್ರಾನ್ನ, ಮೊಟ್ಟೆ, ಹಣ್ಣು. ರಾತ್ರಿಗೆ ಅನ್ನ, ಸಾರು, ಕಡುಬು, ಕೋಳಿ ಸಾರು, ಕೋಸಂಬರಿ, ಮೊಸರನ್ನ, ಪಾಯಸ.

ಲ್ಯಾಬ್ ಬೆಂಚು

ಹೆಚ್ಚು ಗಮನ ಕೊಡಬೇಕಾದದ್ದು ಕಾಯಿ ಚಟ್ನಿ. ಹಸಿ ತೆಂಗಿನಕಾಯಿಯಲ್ಲಿ ನೀರು, ಕೊಬ್ಬು, ಸಿಹಿ ಎಲ್ಲ ಇದೆ, ಹುಳಿ ಇಲ್ಲ. ಕಾಯಿ ತುರಿಯುವವರ ಕೈ, ತುರಿಮಣೆ, ಮಿಕ್ಸಿ ಜಾರಿನ ಬ್ಲೇಡಿನ ತಳದ ರಬ್ಬರ್ ವಾಷರ್, ರುಬ್ಬಲು ಹಾಕುವ ನೀರು, ಇಷ್ಟರಲ್ಲಿ ಯಾವುದು ಕೊಳೆಯಾಗಿದ್ದರೂ ಚಟ್ನಿಗೆ ಬರುತ್ತದೆ, ಆಮೇಲೆ ಕುದಿಸುವ ಹಂತವೇ ಇಲ್ಲ. ಮೇಲೆ ಹಾಕುವ ಒಗ್ಗರಣೆ ಚಟ್ನಿಯನ್ನು ಬಿಸಿ ಮಾಡುವುದಿಲ್ಲ, ಪರಿಮಳ ಕೊಡುತ್ತದೆ ಅಷ್ಟೆ. ಆರು ಗಂಟೆಗೆ ರುಬ್ಬಿದ್ದನ್ನು ಹತ್ತಕ್ಕೆ ತಿನ್ನಬಾರದು. ಮೇಜಿನ ಮೇಲೆ ಎರಡು ಗಂಟೆ ಮೀರಬಾರದು. ಚಿಕ್ಕ ಬಟ್ಟಲಲ್ಲಿ ತಂದು, ಖಾಲಿಯಾದಾಗ ಬಟ್ಟಲನ್ನೇ ಬದಲಿಸಬೇಕು. ಹುಣಸೆ ಹಾಕಿ ರುಬ್ಬಿದ್ದು, ಕೆಂಪು ಚಟ್ನಿ, ಚಟ್ನಿಪುಡಿ ಇದ್ದರೆ ಹಿರಿಯರು, ಬಸುರಿ, ಮಕ್ಕಳು ಅದನ್ನೇ ಹಾಕಿಕೊಳ್ಳಲಿ.

ಚಿತ್ರಾನ್ನದಲ್ಲಿ ಎರಡು ತೊಂದರೆ ಸೇರುತ್ತವೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ, ಅವು ಅನ್ನ ಬೇಯುವಾಗ ಸಾಯುವುದಿಲ್ಲ. ಅನ್ನ ರಾತ್ರಿಯಿಡೀ ತಪ್ಪಲೆಯಲ್ಲಿ ಮುಚ್ಚಿಟ್ಟು ಬೆಚ್ಚಗಿದ್ದರೆ ಮೊಳೆತು ವಿಷ ಬಿಡುತ್ತವೆ. ಬೆಳಿಗ್ಗೆ ಒಗ್ಗರಣೆಯಲ್ಲಿ ಹುರಿದರೂ ಆ ವಿಷ ಕೆಡುವುದಿಲ್ಲ. ಇನ್ನೊಂದು, ಕೈಯಲ್ಲಿ ಕಲಸುವುದು. ಬೆರಳಲ್ಲಿ ಗಾಯ, ಕೀವು ಇದ್ದವರು ಕಲಸಿದರೆ ಸ್ಟಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರುತ್ತದೆ, ಅದರ ವಿಷವೂ ಬಿಸಿಗೆ ಜಗ್ಗುವುದಿಲ್ಲ. ಎರಡರಲ್ಲೂ ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ. ಆವತ್ತೇ ಮಾಡಿದ ಅನ್ನ, ಹರಿವಾಣದಲ್ಲಿ ತೆಳ್ಳಗೆ ಹರಡಿ ಆರಿಸಿದ್ದು, ಮರದ ಹುಟ್ಟಿನಲ್ಲಿ ಕಲಸಿದ್ದು ಎಂದರೆ ಭಯ ಬೇಡ.

ಪುಳಿಯೋಗರೆ ಇದಕ್ಕಿಂತ ವಾಸಿ, ಹುಣಸೆಯ ಹುಳಿ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಮೊಸರನ್ನದಲ್ಲಿ ಹೆಪ್ಪಾದ ಹುಳಿ ಮೊಸರು ಹಾಕಿದ್ದರೆ ಒಳ್ಳೆಯದು. ಹಾಲು ಜಾಸ್ತಿ ಹಾಕಿ ಒಂದು ಚಮಚ ಮೊಸರು ಬೆರೆಸಿ "ಮಧ್ಯಾಹ್ನಕ್ಕೆ ಹದವಾಗುತ್ತೆ" ಎಂದು ಇಡುವ ಕ್ರಮದಲ್ಲಿ ಮೊದಲ ಕೆಲವು ಗಂಟೆ ಹುಳಿಯೇ ಇರುವುದಿಲ್ಲ.

ಕೊಳಗ ಮತ್ತು ಸೌಟು

ಕೋಳಿ ಸಾರು, ಗಟ್ಟಿ ಬೇಳೆ ಸಾಂಬಾರಿನ ಅಪಾಯ ಮೇಜಿನ ಮೇಲೆ ಅಲ್ಲ, ಹಿಂದಿನ ರಾತ್ರಿ. ಇಪ್ಪತ್ತು ಲೀಟರ್ ಕೊಳಗವನ್ನು ಮುಚ್ಚಿ ಅಡುಗೆಮನೆಯಲ್ಲಿ ಇಟ್ಟರೆ ಬೆಳಗಿನ ಜಾವದಲ್ಲೂ ನಡುಭಾಗ ಬೆಚ್ಚಗೇ ಇರತ್ತೆ. ಸೀದಾ ಫ್ರಿಜ್ಜಿಗೆ ಇಟ್ಟರೂ ಹಾಗೇ, ಪಕ್ಕದ ಹಾಲು ಮೊಸರನ್ನೂ ಬೆಚ್ಚಗೆ ಮಾಡತ್ತೆ. ಕ್ರಮ ಏನಂದ್ರೆ, ಅಗಲ ತಟ್ಟೆಗಳಿಗೆ ಐದು ಸೆಂಟಿಮೀಟರ್ ಆಳಕ್ಕಿಂತ ಜಾಸ್ತಿ ಆಗದ ಹಾಗೆ ಸುರಿದು, ತಣ್ಣೀರಿನ ತೊಟ್ಟಿಯಲ್ಲಿ ಕೂರಿಸಿ ಕೈಯಾಡಿಸ್ತಾ ಇರಬೇಕು. 60ರಿಂದ 21 ಡಿಗ್ರಿಗೆ ಎರಡು ಗಂಟೆಯಲ್ಲಿ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯಲ್ಲಿ ಇಳೀಬೇಕು. ಮತ್ತೆ ಕಾಯಿಸುವಾಗ ನಡುಭಾಗ 75 ಮುಟ್ಟಬೇಕು, ಒಂದೇ ಸಲ. ಇಷ್ಟೆಲ್ಲ ಅನುಕೂಲ ಇಲ್ಲದ ಕಡೆ ಆವತ್ತಿನದು ಆವತ್ತಿಗೇ ಮುಗಿಸೋದು ವಾಸಿ.

ಅಕ್ಕಿ ರೊಟ್ಟಿ, ದೋಸೆ, ಆಮ್ಲೆಟ್ ಕಾವಲಿಯಿಂದ ಸೀದಾ ತಟ್ಟೆಗೆ ಬರೋ ಕಡೆ ಅದನ್ನೇ ತಗೊಳ್ಳಿ. ಆಮ್ಲೆಟ್ ಒಳಗೆ ಒದ್ದೆ ಇರಬಾರದು, ಮೊಟ್ಟೆ ಒಡೆದ ಕೈ ತೊಳೆದೇ ಈರುಳ್ಳಿ ಕೊತ್ತಂಬರಿ ಮುಟ್ಟಬೇಕು. ಕಡುಬು, ಇಡ್ಲಿ ಹಬೆಯಾಡ್ತಾ ಇದ್ದರೆ ಚಿಂತೆ ಇಲ್ಲ. ಮುದ್ದೆ ಆಗಲೇ ತೊಳಸಿ ಕಟ್ಟಿದ್ದು ಬಿಸಿ ಇದ್ದರೆ ತುಂಬಾ ಒಳ್ಳೆ ಆಯ್ಕೆ, ಆದರೆ ಕಟ್ಟಿದ ಕೈ ಶುದ್ಧ ಇರಬೇಕು.

ದಾದಿ ಅಕ್ಕ

ಕೋಸಂಬರಿ, ಸಲಾಡ್, ಮೊಳಕೆ ಕಾಳು: ಬಸುರಿ, ಹಿರಿಯರು, ಚಿಕ್ಕ ಮಕ್ಕಳು ಬಿಡೋದೇ ಕ್ಷೇಮ. ಹೆಚ್ಚಿದ ಕಲ್ಲಂಗಡಿ, ಪಪ್ಪಾಯಿಯಲ್ಲೂ ಹುಳಿ ಇಲ್ಲ, ಎರಡು ಗಂಟೆ ಮೀರಿ ಹೊರಗಿದ್ದರೆ ಬೇಡ. ಏಲಕ್ಕಿ ಬಾಳೆಹಣ್ಣು, ಕಿತ್ತಳೆ ನೀವೇ ಸುಲಿದು ತಿನ್ನಿ, ಅದಕ್ಕಿಂತ ಶುದ್ಧವಾದ ಹಣ್ಣು ಬಫೆಯಲ್ಲಿ ಸಿಗಲ್ಲ. ಬಸುರಿಗೆ ಇನ್ನೊಂದು: ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಲ್ಲೂ ಬೆಳೀತದೆ. ತೋಟದ ಹಸುವಿನ ಹಾಲು ಎಷ್ಟೇ ತಾಜಾ ಇದ್ದರೂ ಕುದಿಸದೆ ಕುಡಿಯೋದು ಬೇಡ.

ಹಿರಿಯರಲ್ಲಿ ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಮಾತ್ರೆ ತಗೊಳ್ಳೋರು ಯಾರು ಅಂತ ಪಟ್ಟಿ ಮಾಡಿ. ಹೊಟ್ಟೆಯ ಆಮ್ಲವೇ ಕ್ರಿಮಿಗಳಿಗೆ ಮೊದಲ ತಡೆ. ಅದು ಕಮ್ಮಿ ಆದವರಿಗೆ ಸಾಲ್ಮೊನೆಲ್ಲದಂಥವು ಬೇಗ ತಗುಲ್ತವೆ. ಮಾತ್ರೆ ನಿಲ್ಲಿಸೋದು ಬೇಡ, ತಣ್ಣನೆ ಪದಾರ್ಥದಲ್ಲಿ ಜಾಸ್ತಿ ಹುಷಾರಾಗಿರಲಿ ಅಷ್ಟೇ.

ಬೇಲೂರು ಓದುಗ

ತಟ್ಟೆ, ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಅಡಿಕೆ ಹಾಳೆ ತಟ್ಟೆ ನಾವೇ ಒಯ್ದರೆ ಹೇಗೆ?

ತೋಟದ ಮನೆ

ಒಯ್ಯಬಹುದು ಸರ್, ಆದರೆ ಮಳೆಗಾಲದಲ್ಲಿ ಹಾಳೆ ತಟ್ಟೆ ಬೇಗ ಬೂಷ್ಟು ಹಿಡಿಯುತ್ತದೆ. ಪ್ರತಿ ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿ, ಕಪ್ಪು ಅಥವಾ ಹಸಿರು ಚುಕ್ಕೆ ಇದ್ದರೆ, ಮುಗ್ಗಲು ವಾಸನೆ ಬಂದರೆ ಬಿಸಾಡಿ. ಒರೆಸಿದರೆ ಹೋಗುವುದಿಲ್ಲ. ಬಿಸಿಲಿಗೆ ಒಣಗಿಸಿದ್ದನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಒಯ್ಯಿರಿ. ಬಾಳೆಲೆ ಎಲ್ಲಕ್ಕಿಂತ ಚೆನ್ನ, ಆದರೆ ಎಲೆಗೆ ಚಿಮುಕಿಸುವ ನೀರೂ ಕುಡಿಯುವ ನೀರೇ ಆಗಿರಬೇಕು.

ಸ್ಟೀಲ್ ತಟ್ಟೆ ಒಣಗಿರಬೇಕು. ಒದ್ದೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಬಡಿಸುವ ಹೊತ್ತಿಗೆ ಒಂದೇ ಬಟ್ಟೆಯಿಂದ ಎಲ್ಲವನ್ನೂ ಒರೆಸಿ ಕೊಡುವುದಾದರೆ ಆ ಬಟ್ಟೆ ಬೇಡವೆಂದು ಹೇಳಿ. ತೊಳೆಯುವ ಕಡೆಯ ಸರಿಯಾದ ಕ್ರಮ ಮೂರು ತೊಟ್ಟಿ: ಸೋಪಿನ ಬಿಸಿನೀರು, ತಿಳಿನೀರು, ಕೊನೆಯಲ್ಲಿ 77 ಡಿಗ್ರಿ ಬಿಸಿನೀರಲ್ಲಿ ಅರ್ಧ ನಿಮಿಷ. ಹಂಡೆ ಒಲೆ ಇರುವ ಮನೆಗಳಲ್ಲಿ ಇದು ಕಷ್ಟವೇನಲ್ಲ. ಬಿಸಿನೀರು ಇಲ್ಲದಿದ್ದರೆ 100 ಪಿಪಿಎಂ (ಹತ್ತು ಲಕ್ಷ ಪಾಲಿಗೆ 100 ಪಾಲು) ಕ್ಲೋರಿನ್: 4 ಶೇಕಡಾ ಸೋಡಿಯಂ ಹೈಪೊಕ್ಲೋರೈಟ್ (ಬ್ಲೀಚ್) ದ್ರಾವಣ ಹತ್ತು ಲೀಟರ್ ನೀರಿಗೆ 25 ಮಿಲಿಲೀಟರ್. ಆಮೇಲೆ ಒರೆಸದೆ, ಕಟ್ಟೆಯಲ್ಲಿ ಓರೆಯಾಗಿ ನಿಲ್ಲಿಸಿ ಆರಲು ಬಿಡಬೇಕು.

ಕುಡಿಯುವ ನೀರು ತೋಟಗಳಲ್ಲಿ ಹೆಚ್ಚಾಗಿ ಒರತೆಯದ್ದೋ ಹಳ್ಳದ್ದೋ ಪೈಪಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ಕದಡುತ್ತದೆ. ಕದಡಿದ ನೀರಲ್ಲಿ ಯುವಿ ಫಿಲ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಕರೆಂಟ್ ಹೋದರೆ ಇಲ್ಲವೇ ಇಲ್ಲ. "ಬಿಸಿ ನೀರು" ಎಂದು ಕೊಟ್ಟದ್ದು ಕುದಿದದ್ದಾ ಅಥವಾ ಬೆಚ್ಚಗೆ ಮಾಡಿದ್ದಾ ಎಂದು ಕೇಳಿ. ಬೆಟ್ಟದ ಮೇಲೆ ಕುದಿ ಕಡಿಮೆ ಡಿಗ್ರಿಯಲ್ಲಿ ಬರುತ್ತದಲ್ಲ, ಹೆಚ್ಚು ಹೊತ್ತು ಕುದಿಸಬೇಕೇ ಎಂದು ಕೇಳುವವರಿದ್ದಾರೆ. 2,000 ಮೀಟರ್ ಮೇಲಾದರೆ ಮೂರು ನಿಮಿಷ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಅದಕ್ಕಿಂತ ಕೆಳಗಿದೆ. ಕೊತಕೊತ ಒಂದು ನಿಮಿಷ ಕುದಿದರೆ ಎಲ್ಲಿಯೂ ಸಾಕು.

ದಾದಿ ಅಕ್ಕ

ಇಷ್ಟೆಲ್ಲ ಮಾಡಿಯೂ ಯಾರಿಗಾದರೂ ವಾಂತಿ-ಭೇದಿ ಆದರೆ ಏನು ಮಾಡಬೇಕು ಅನ್ನೋದು ಹಾಳೆಯ ಹಿಂದಿನ ಪುಟದಲ್ಲಿ ಇರಲಿ.

ಓಆರ್‌ಎಸ್ ಪೊಟ್ಟಣ ಕನಿಷ್ಠ ಇಪ್ಪತ್ತು ಇಟ್ಟುಕೊಳ್ಳಿ. ಒಂದು ಲೀಟರಿಂದೂ ಬರತ್ತೆ, 200 ಮಿಲಿಯದೂ ಬರತ್ತೆ, ಪೊಟ್ಟಣದ ಮೇಲೆ ಓದಿಯೇ ಕಲಸಿ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿ ಆದ ಮೇಲೆ ಹತ್ತು ನಿಮಿಷ ಬಿಟ್ಟು, ಗುಟುಕು ಗುಟುಕಾಗಿ ಕೊಡಬೇಕು. ಭೇದಿ ನಿಲ್ಲಿಸೋ ಮಾತ್ರೆಯನ್ನು ಜ್ವರ ಇದ್ದಾಗ, ರಕ್ತ ಬಿದ್ದಾಗ ಕೊಡಲೇಬಾರದು, ಮಕ್ಕಳಿಗೆ ಯಾವಾಗಲೂ ಬೇಡ. ಆರು ಗಂಟೆ ಮೂತ್ರ ಆಗದಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ರಕ್ತ ಕಂಡರೆ, ಹಿರಿಯರು ಮಂಪರಾದರೆ, ಬಸುರಿಗೆ ಜ್ವರ ಬಂದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ.

ಬಸ್ಸಲ್ಲಿ ವಾಂತಿಯಾದರೆ ಸುಮ್ಮನೆ ಬಟ್ಟೆಯಲ್ಲಿ ಒರೆಸಬೇಡಿ. ಪೇಪರ್ ಹಾಕಿ ಹೀರಿಸಿ ಚೀಲಕ್ಕೆ ಕಟ್ಟಿ, ಆಮೇಲೆ ಅದೇ 4 ಶೇಕಡಾ ದ್ರಾವಣ ಲೀಟರಿಗೆ ಕನಿಷ್ಠ 25 ಮಿಲಿ ಬೆರೆಸಿ ಸುರಿದು ಹತ್ತು ನಿಮಿಷ ಬಿಟ್ಟು ತೊಳೀರಿ. ಕಿಟಕಿ ತೆಗೆದಿರಲಿ, ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆಸಲೇಬೇಡಿ, ವಿಷಗಾಳಿ ಬರತ್ತೆ. ಕಾಯಿಲೆ ಬಿದ್ದವರು ವಾಸಿಯಾದ ಮೇಲೂ ಎರಡು ದಿನ ಬೇರೆಯವರಿಗೆ ಬಡಿಸೋದು ಬೇಡ.

ಲ್ಯಾಬ್ ಬೆಂಚು

ಮತ್ತೆ, ಕೊನೆಯ ಊಟವನ್ನೇ ದೂರಬೇಡಿ. ಒಂದೆರಡು ಗಂಟೆಯಲ್ಲೇ ವಾಂತಿ ಶುರುವಾದರೆ ಆಗ ತಾನೆ ತಿಂದದ್ದರಲ್ಲಿ ವಿಷ ಇತ್ತೇನೋ. ಮರುದಿನ ಬೆಳಿಗ್ಗೆ ಹೊಟ್ಟೆ ನುಲಿದು ಭೇದಿಯಾದರೆ ಹಿಂದಿನ ರಾತ್ರಿಯ ಮಾಂಸದ ಸಾರನ್ನು ನೆನೆಯಿರಿ. ಎರಡು ದಿನದಲ್ಲಿ ಒಬ್ಬರಾದ ಮೇಲೆ ಒಬ್ಬರು ಮಲಗಿದರೆ ವೈರಸ್. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಆದರೆ 15ರಿಂದ 50 ದಿನದ ಮೇಲೆ ಕಾಣಿಸಿಕೊಳ್ಳುತ್ತದೆ. ಯಾರು ಏನು ತಿಂದರು ಎಂದು ಮೂರು ದಿನವೂ ಬರೆದಿಡಿ. ತಿನ್ನದೆ ಆರೋಗ್ಯವಾಗಿ ಉಳಿದವರ ಪಟ್ಟಿಯೂ ಅಷ್ಟೇ ಮುಖ್ಯ, ಯಾವ ಪದಾರ್ಥ ಎಂದು ಹಿಡಿಯುವುದು ಎರಡನ್ನೂ ಹೋಲಿಸಿಯೇ.

ಹೋಟೆಲು, ಹೋಮ್‌ಸ್ಟೇ ಎರಡಕ್ಕೂ ಆಹಾರ ಸುರಕ್ಷತೆಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು, ಕಾಣುವಂತೆ ಹಾಕಿರಬೇಕು. ದೂರು ಕೊಡಬೇಕಾದರೆ ಬಿಲ್ಲು, ಪದಾರ್ಥದ ಫೋಟೊ, ಹೊತ್ತು ಬರೆದ ಚೀಟಿ ಇಟ್ಟುಕೊಂಡು ಆಹಾರ ಸುರಕ್ಷತಾಧಿಕಾರಿಗೆ ಕೊಡಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲೂಬಹುದು.

ಹಾಸನ ಪ್ರವಾಸ ಬಳಗ

ಎಲ್ಲರಿಗೂ ಮನಸಾರೆ ಧನ್ಯವಾದ. ಬುಕಿಂಗ್ ಮಾಡುವಾಗ ಫೋನಲ್ಲೇ ಕೇಳೋಕೆ ಇಷ್ಟು ಬರೆದುಕೊಂಡಿದ್ದೀನಿ: ಅನ್ನ, ಸಾರು ಎಷ್ಟು ಗಂಟೆಗೆ ಒಲೆಯಿಂದ ಇಳಿಸ್ತೀರಿ? ಪಾತ್ರೆ ಬದಲಿಸ್ತೀರಾ, ಮೇಲೆ ಸುರೀತೀರಾ? ಪಂಕ್ತಿ ಹಾಕಿ ಬಡಿಸ್ತೀರಾ? ಕುಡಿಯೋ ನೀರು ಕುದಿಸಿದ್ದಾ? ಕೈ ತೊಳೆಯೋ ಕಡೆ ಸೋಪು, ಪೇಪರ್ ಇರತ್ತಾ? ಇನ್ನೊಂದು ಉಳೀತು. ಮೂರನೇ ದಿನ ಮಧ್ಯಾಹ್ನದ ಊಟ ಕಟ್ಟಿಸಿಕೊಂಡು ಹೊರಡೋ ಯೋಚನೆ ಇದೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಒಂದೂವರೆಗೆ ಊಟ.

ಕೊಳಗ ಮತ್ತು ಸೌಟು

ಐದೂವರೆ ಗಂಟೆ ಬಸ್ಸಿನ ಸೆಕೆಯಲ್ಲಿ, ಅಕ್ಕ, ಅದು ಜಾಸ್ತಿ ಆಯ್ತು. ಹೊರಗಿಟ್ಟ ಊಟಕ್ಕೆ ನಾಲ್ಕು ಗಂಟೆ ಕೊನೆ ಗೆರೆ. ಬಿಸಿ ಚಿತ್ರಾನ್ನ ಡಬ್ಬಿಗೆ ತುಂಬಿ ಮುಚ್ಚಿಸಬೇಡಿ, ಒಳಗೆ ಬೆವರಿ ಹನ್ನೊಂದು ಗಂಟೆಗೇ ಹಳಸುತ್ತೆ. ಕಟ್ಟಿಸೋದೇ ಆದರೆ ಗಟ್ಟಿ ಹುಳಿಯ ಪುಳಿಯೋಗರೆ ಹರವಿ ಪೂರ್ತಿ ಆರಿಸಿದ್ದು, ಒಣ ಚಪಾತಿ, ಚಟ್ನಿಪುಡಿ, ಉಪ್ಪಿನಕಾಯಿ, ಬಾಳೆಹಣ್ಣು. ಕಾಯಿ ಚಟ್ನಿ, ಪಲ್ಯ, ಮೊಟ್ಟೆ ಬೇಡ. ಊಟ ಹನ್ನೆರಡಕ್ಕೆ ಮುಗಿಸಿ, ಉಳಿದದ್ದನ್ನು ಸಂಜೆಗೆ ಅಂತ ಇಡಬೇಡಿ.

ಎರಡನೇ ದಿನ ಬೆಟ್ಟ ಇಳಿದು ಬರುವಾಗ ದಾರಿಯಲ್ಲಿ ವಾಹನ ನಿಂತು ತಡ ಆಗೋದು ಸಾಮಾನ್ಯ. ಅರ್ಧ ಗಂಟೆ ದೂರ ಇರುವಾಗ ಫೋನ್ ಮಾಡಿ "ಈಗ ಅನ್ನಕ್ಕೆ ಇಡಿ" ಅಂತ ಹೇಳಿ. ಬಂದು ಕೈಕಾಲು ತೊಳೆಯೋ ಹೊತ್ತಿಗೆ ಅನ್ನ ಬೆಂದಿರತ್ತೆ.